ಬಾಗಿಲು ಮುಚ್ಚುವ ಬಲ

ಏಪ್ರಿಲ್ ಕೊನೆಯ ವಾರ ಅಣ್ಣನ ಮಗ ಸೂಟಿಗೆಂದು ಮುನವಳ್ಳಿಯಿಂದ ಬೈಲಹೊಂಗಲಕ್ಕೆ ಬಂದ. ಬರುವಾಗ ಒದ್ದೆ ಗೋಣಿತಟ್ಟಿನ ತುಂಡಿನಲ್ಲಿ ಸುತ್ತಿ ಎರಡು ಸಿಂಪಿ ತಂದಿದ್ದ. ಹೊಳೆಯ ನೀರು ಇಳಿದು ಮಡುವಿನಂಚಿನ ಕೆಸರು ಬಿರಿಯುತ್ತಿತ್ತಂತೆ. ಅದರಲ್ಲಿ ಅರ್ಧ ಹುಗಿದುಕೊಂಡು ಕೂತಿದ್ದವಂತೆ. ಅವು ಒಣಗಿ ಸಾಯುವುದನ್ನು ನೋಡಲಾರದೆ ಕಿತ್ತು ತಂದಿದ್ದ. ನನ್ನ ಮನೆಯಲ್ಲಿ ಎಂಬತ್ತು ಲೀಟರಿನ ಗಾಜಿನ ತೊಟ್ಟಿಯಿದೆ. ಅದರಲ್ಲಿ ಒಂದಷ್ಟು ಮೀನು, ಒಂದಷ್ಟು ಪಾಚಿಗಿಡ. ಸಿಂಪಿಗಳನ್ನೂ ಅದರಲ್ಲೇ ಬಿಟ್ಟೆವು. ಒಂಬತ್ತನೆಯ ದಿನ ಬೆಳಿಗ್ಗೆ ಹುಡುಗ ಓಡಿ ಬಂದ.

“ಕಾಕಾ, ದೊಡ್ಡದು ಬಾಯಿ ಬಿಟ್ಟೈತಿ. ಸತ್ತೈತೇನು?”

“ಮುಟ್ಟಿ ನೋಡೀಯೇನು?”

“ಇಲ್ಲ, ಅಂಜಿಕಿ ಬಂತು.”

ಸಿಂಪಿಯ ರೋಗಪರೀಕ್ಷೆ ಶುರುವಾಗುವುದೇ ಈ ಮುಟ್ಟಿ ನೋಡುವುದರಿಂದ. ಪುಸ್ತಕದಲ್ಲಿ ಕಪ್ಪೆಚಿಪ್ಪು ಎನ್ನುವುದನ್ನು ನಮ್ಮ ಕಡೆ ಸಿಂಪಿ ಎನ್ನುತ್ತೇವೆ. ಮೀನಿಗೆ ಕಾಯಿಲೆಯಾದರೆ ಮೈಮೇಲೆ ಚುಕ್ಕಿ ಏಳುತ್ತದೆ, ರೆಕ್ಕೆ ಹರಿಯುತ್ತದೆ, ವಾಲಿಕೊಂಡು ಈಜುತ್ತದೆ. ಸಿಂಪಿಗೆ ಕಾಣುವ ಮೈಯೇ ಇಲ್ಲ. ಅದು ಎರಡು ಕದಗಳ ಹಿಂದೆ ಕೂತ ಜೀವ, ನಮಗೆ ಸಿಗುವ ಲಕ್ಷಣವೆಲ್ಲ ಆ ಕದಗಳಲ್ಲೇ. ಅದಕ್ಕೇ ಕದ ತೆರೆಯುವುದು ಹೇಗೆ, ಮುಚ್ಚುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು.

ಮನೆಯ ಬಾಗಿಲಿನ ಬಿಜಾಗರಿಯಂತೆ ಸಿಂಪಿಯ ಬೆನ್ನಿಗೊಂದು ಕಂದು ಪಟ್ಟಿಯಿದೆ. ರಬ್ಬರಿನಂತೆ ಬಾಗುವ ಈ ಪಟ್ಟಿ ಎರಡೂ ಚಿಪ್ಪುಗಳನ್ನು ಯಾವಾಗಲೂ ಹೊರಕ್ಕೆ ಸೆಳೆಯುತ್ತಿರುತ್ತದೆ. ಅದಕ್ಕೆ ಅನ್ನ ಬೇಡ, ಉಸಿರು ಬೇಡ. ಜೀವ ಹೋದ ಮೇಲೂ ಸೆಳೆಯುತ್ತಲೇ ಇರುತ್ತದೆ. ಮುಚ್ಚುವುದಕ್ಕೆ ಮಾತ್ರ ಬಲ ಬೇಕು. ಮುಂದೊಂದು ಹಿಂದೊಂದು, ಎರಡು ಗಟ್ಟಿ ಸ್ನಾಯುಗಳು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ನಿಂತು ಬಿಗಿಹಿಡಿಯುತ್ತವೆ.  ಸಿಂಪಿಯ ಬಾಯಿ ತಾನಾಗಿ ತೆರೆಯುತ್ತದೆ, ಮುಚ್ಚಿಡಲು ಶಕ್ತಿ ಬೇಕು. ಹೀಗಾಗಿ ಬಾಯಿ ಬಿಟ್ಟದ್ದೆಲ್ಲ ಸತ್ತದ್ದಲ್ಲ. ಆರೋಗ್ಯವಾಗಿರುವ ಸಿಂಪಿಯೂ ಉಣ್ಣುವಾಗ ಒಂದೆರಡು ಗೆರೆಯಷ್ಟು ತೆರೆದೇ ಇರುತ್ತದೆ. ಮುಟ್ಟಿದಾಗ ಅದು ಎಷ್ಟು ಬೇಗ ಮುಚ್ಚುತ್ತದೆ, ಮುಚ್ಚಿದ್ದನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದನ್ನು ನೋಡಬೇಕು.

ಕಸಬರಿಗೆಯ ಒಂದು ಕಡ್ಡಿ ತೆಗೆದುಕೊಂಡು ಅದರ ಮೆತ್ತನೆಯ ತುದಿಯಿಂದ ದೊಡ್ಡ ಸಿಂಪಿಯ ಅಂಚನ್ನು ಸವರಿದೆ. ಮೂರು ಎಣಿಸುವವರೆಗೆ ಅದು ಕದಲಲಿಲ್ಲ. ಆಮೇಲೆ ಹಳೆಯ ಮನೆಯ ತಲೆಬಾಗಿಲು ಎಳೆದಂತೆ ನಿಧಾನವಾಗಿ ಹತ್ತಿರವಾಯಿತು, ಪೂರ್ತಿ ಮುಚ್ಚಲಿಲ್ಲ. ಐದು ನಿಮಿಷಕ್ಕೆ ಮತ್ತೆ ಅಗಲವಾಯಿತು. ಚಿಕ್ಕದನ್ನು ಮುಟ್ಟಿದರೆ ಟಕ್ಕನೆ ಮುಚ್ಚಿ, ಸಣ್ಣ ನೀರಿನ ಎಳೆಯೊಂದನ್ನು ಹೊರಕ್ಕೆ ಚಿಮ್ಮಿಸಿತು. ಒಂದೇ ಹೊಳೆ, ಒಂದೇ ತೊಟ್ಟಿ. ಆದರೂ ಎರಡರ ಸ್ಥಿತಿಯಲ್ಲಿ ಇಷ್ಟು ಅಂತರ.

ನೋಡಬೇಕಾದದ್ದು ಇನ್ನೂ ಕೆಲವಿವೆ. ನೆಲದಲ್ಲಿ ಮುಕ್ಕಾಲು ಹುಗಿದು, ಹಿಂಬದಿಯ ಎರಡು ಕಿಂಡಿಗಳನ್ನಷ್ಟೇ ಮೇಲಿಟ್ಟಿರುವುದು ಸಿಂಪಿಯ ಸಹಜ ಭಂಗಿ. ಒಂದು ಕಿಂಡಿಯಿಂದ ನೀರು ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ಒಳಗಿಂಡಿಯ ಅಂಚಿಗೆ ಸಣ್ಣ ಬೆರಳುಗಳಂಥ ಕುಚ್ಚು ಇರುತ್ತದೆ. ಹೊಸ ಜಾಗಕ್ಕೆ ತಂದ ಮೇಲೆ ಎರಡು ಮೂರು ದಿನ ಮರಳಿನ ಮೇಲೆ ಅಡ್ಡಬಿದ್ದಿದ್ದರೆ ಗಾಬರಿ ಬೇಡ. ವಾರವಾದರೂ ಹುಗಿಯದೆ ಬಿದ್ದೇ ಇದ್ದರೆ ಬಲ ಕುಂದಿದೆ ಎಂದರ್ಥ. ಮುಟ್ಟಿದರೂ ಒಳಗೆ ಹೋಗದೆ ನಾಲಗೆಯಂಥ ಪಾದ ಹೊರಗೇ ಜೋತುಬಿದ್ದಿದ್ದರೆ ಸ್ಥಿತಿ ಕೆಟ್ಟಿದೆ. ಚಿಪ್ಪಿನ ಒಳಮೈಗೆ ಅಂಗಿಯ ಅಸ್ತರದಂತೆ ಹರಡಿಕೊಂಡ ತೆಳು ಪದರವೇ ಮ್ಯಾಂಟಲ್. ಚಿಪ್ಪನ್ನು ಕಟ್ಟುವುದು ಅದರ ಕೆಲಸ. ಆ ಅಸ್ತರ ಅಂಚಿನಿಂದ ಹಿಂದೆ ಸರಿದಿದ್ದರೆ ಒಳಗಿನ ಮೈ ಸೊರಗಿದೆ ಎಂದು ತಿಳಿಯಬೇಕು. ವಾಸನೆಯನ್ನಂತೂ ಯಾರೂ ಹೇಳಿಕೊಡಬೇಕಿಲ್ಲ. ಅದು ಬಂದಾಗ ಪರೀಕ್ಷೆಯ ಕಾಲ ಮುಗಿದಿರುತ್ತದೆ.

ಲಕ್ಷಣ ಸಿಕ್ಕಿತು, ಇನ್ನು ಕಾರಣ ಹುಡುಕಬೇಕು. ಸಿಂಪಿ ಸಾಕಿದ ಬಹಳ ಜನ ಇಲ್ಲೇ ಎಡವುತ್ತಾರೆ. ವರ್ಷಗಳ ಹಿಂದೆ ನಾನೂ ಎಡವಿದ್ದೆ. ಆಗ ಮೀನಿಗೆ ಬಿಳಿ ಚುಕ್ಕಿ ಬಂದಿತ್ತು. ಅಂಗಡಿಯಲ್ಲಿ ಕೊಟ್ಟ ಸೀಸೆಯ ಔಷಧವನ್ನು ಹೇಳಿದಷ್ಟೇ ಹನಿ ಹಾಕಿದೆ. ಮೀನು ಚೇತರಿಸಿಕೊಂಡಿತು, ತೊಟ್ಟಿಯಲ್ಲಿದ್ದ ನಾಲ್ಕು ಸಿಂಪಿ ಮೂರು ದಿನಕ್ಕೆ ಸತ್ತವು. ಸೀಸೆಯಲ್ಲಿದ್ದದ್ದು ತಾಮ್ರದ ಲವಣ. ನಮ್ಮ ರೈತರು ಸುಣ್ಣದ ಜತೆ ಕಲಸಿ ಬೆಳೆಗೆ ಸಿಂಪಡಿಸುವ ಮೈಲುತುತ್ತವೂ ತಾಮ್ರದ ಲವಣವೇ. ಮೀನು ತಾಳಿಕೊಳ್ಳುವಷ್ಟು ತಾಮ್ರವನ್ನು ಸಿಂಪಿ ತಾಳಲಾರದು. ನೀರನ್ನೆಲ್ಲ ಕಿವಿರಿನ ಮೂಲಕ ಸೋಸಿ ಬದುಕುವ ಪ್ರಾಣಿಗೆ ನೀರಿನ ವಿಷದಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಮೀನಿನ ಔಷಧ ಸಿಂಪಿಗೆ ಔಷಧವಲ್ಲ ಎಂಬ ಮಾತನ್ನು ಆ ನಾಲ್ಕು ಚಿಪ್ಪುಗಳ ಬೆಲೆ ತೆತ್ತು ಕಲಿತೆ.

ಸಿಂಪಿ ಕಾಯಿಲೆ ಬಿದ್ದಾಗ ಮೊದಲು ಪರೀಕ್ಷೆ ಮಾಡಬೇಕಾದ್ದು ನೀರನ್ನು. ಅದರಲ್ಲೂ ಅಮೋನಿಯಾವನ್ನು. ಮೀನಿನ ಮೂತ್ರ, ಉಳಿದ ಆಹಾರ, ಕೊಳೆತ ಎಲೆ ಎಲ್ಲವೂ ಕೊನೆಗೆ ಅಮೋನಿಯಾ ಆಗುತ್ತವೆ. ಅದು ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದರಿಂದ ತೊಂದರೆ ಕಡಿಮೆ, ಇನ್ನೊಂದು ಕಡು ವಿಷ. ಯಾವ ರೂಪ ಎಷ್ಟೆಂಬುದು ನೀರಿನ ಕ್ಷಾರಗುಣ ಮತ್ತು ಬಿಸಿಯನ್ನು ಅವಲಂಬಿಸಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷರೂಪ ನೂರರಲ್ಲಿ ಅರ್ಧ ಪಾಲು ಮಾತ್ರ. ಅದೇ ಬಿಸಿಯಲ್ಲಿ ಪಿಎಚ್ 8 ಆದರೆ ನೂರರಲ್ಲಿ ಐದು ಪಾಲು ದಾಟುತ್ತದೆ. ನೀರು 30 ಡಿಗ್ರಿಗೆ ಏರಿದರೆ ಏಳೂವರೆ ಪಾಲು. ಅಮೋನಿಯಾ ಎಷ್ಟಿತ್ತೋ ಅಷ್ಟೇ ಇದ್ದರೂ ವಿಷ ಹತ್ತು ಪಟ್ಟಿಗೂ ಹೆಚ್ಚು.

ನಮ್ಮ ಹೊಳೆ ಮಲಪ್ರಭೆಯ ದಂಡೆಯ ತಾಲ್ಲೂಕುಗಳಲ್ಲಿ ಈ ಲೆಕ್ಕಕ್ಕೆ ದೊಡ್ಡ ಅರ್ಥವಿದೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮಳೆಕಾಡಿನ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ. ಅಲ್ಲಿಂದ ಇಳಿದು ಎಂ.ಕೆ. ಹುಬ್ಬಳ್ಳಿಯ ಸೇತುವೆ ದಾಟಿ ಕಿತ್ತೂರು ಸೀಮೆ ಹಾಯುತ್ತದೆ, ಬೈಲಹೊಂಗಲದ ಎರೆನೆಲ ಹಾಯುತ್ತದೆ, ನವಿಲುತೀರ್ಥದಲ್ಲಿ ಗಟ್ಟಿ ಕಲ್ಲಿನ ಗುಡ್ಡ ಸೀಳಿಕೊಂಡು ಹೋಗುತ್ತದೆ. ಅಲ್ಲಿ ತಡೆದ ನೀರೇ ಸವದತ್ತಿಯ ರೇಣುಕಾಸಾಗರ. ಮುಂದೆ ರಾಮದುರ್ಗ, ಅಲ್ಲಿಂದ ಬಾಗಲಕೋಟೆಯವರೆಗೆ ನೆಲದಡಿ ಸುಣ್ಣದ ಕಲ್ಲು ಬರುತ್ತದೆ. ಕೊಳವೆಬಾವಿಯ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುವುದು ಅಲ್ಲಿನ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಆ ಗಡಸು ನೀರು ಸಿಂಪಿಗೆ ವರವೂ ಹೌದು, ಅಪಾಯವೂ ಹೌದು. ಚಿಪ್ಪು ಕಟ್ಟಲು ಬೇಕಾದ ಸುಣ್ಣ ಧಾರಾಳ ಸಿಗುತ್ತದೆ. ಆದರೆ ಇಂಥ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗಿರುವುದರಿಂದ ಸ್ವಲ್ಪವೇ ಅಮೋನಿಯಾ ಸೇರಿದರೂ ವಿಷ ಹೆಚ್ಚು. ಮಳೆನೀರಿನಂಥ ಮೆದು ನೀರಿನಲ್ಲಿ ಅಮೋನಿಯಾದ ಕಾಟ ಕಡಿಮೆ, ಚಿಪ್ಪು ಮಾತ್ರ ಸವೆಯುತ್ತದೆ. ಸಾಕುವವರು ಮೊದಲು ತಮ್ಮೂರ ನೀರಿನ ಗುಣ ತಿಳಿದುಕೊಳ್ಳಬೇಕು.

ಅಮೋನಿಯಾಕ್ಕೆ ಸಿಂಪಿ ಎಷ್ಟು ಸೂಕ್ಷ್ಮ ಎಂಬುದು ವಿಜ್ಞಾನಿಗಳಿಗೂ ತಡವಾಗಿ ಗೊತ್ತಾಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊಳೆಗಳಲ್ಲಿ ಅಮೋನಿಯಾ ಎಷ್ಟಿರಬಹುದು ಎಂದು 1999ರಲ್ಲಿ ಮಿತಿ ಹಾಕಿತ್ತು. ಪಿಎಚ್ 7, 20 ಡಿಗ್ರಿ ನೀರಿಗೆ ದೀರ್ಘಕಾಲದ ಮಿತಿ ಲೀಟರಿಗೆ 4.5 ಮಿಲಿಗ್ರಾಂ. ಆಮೇಲೆ ಸಿಹಿನೀರಿನ ಸಿಂಪಿಗಳ ಮೇಲೆ ನಡೆದ ಪರೀಕ್ಷೆಗಳನ್ನು ಲೆಕ್ಕಕ್ಕೆ ಹಿಡಿದು 2013ರಲ್ಲಿ ಅದನ್ನು 1.9ಕ್ಕೆ ಇಳಿಸಿದರು. ಒಂದು ದೇಶದ ಹೊಳೆಗಳ ಕಟ್ಟಳೆ ಈ ಬಾಯಿಲ್ಲದ ಜೀವದ ಸಲುವಾಗಿ ಬದಲಾಯಿತು ಎಂಬುದು ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ.

ನನ್ನ ತೊಟ್ಟಿಯ ನೀರಿಗೆ ಪರೀಕ್ಷೆಯ ಹನಿ ಹಾಕಿದೆ. ಬಣ್ಣ ಹಳದಿಯಾಗಿಯೇ ಉಳಿಯಿತು, ಹಸಿರಿಗೆ ತಿರುಗಲಿಲ್ಲ. ಅಮೋನಿಯಾದ ತಪ್ಪಿಲ್ಲ. ನಳದ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟೇ ಹಾಕಿದ್ದೆ, ಹಾಗಾಗಿ ಕ್ಲೋರಿನ್ನಿನದೂ ಅಲ್ಲ. ಥರ್ಮಾಮೀಟರು ಮಾತ್ರ 32 ತೋರಿಸಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ ಏಳೂವರೆಯಷ್ಟನ್ನೇ ಹಿಡಿಯುತ್ತದೆ. ಅದೇ ಬಿಸಿಗೆ ಪ್ರಾಣಿಯ ಮೈಗೆ ಬೇಕಾಗುವ ಆಮ್ಲಜನಕ ಇನ್ನಷ್ಟು ಹೆಚ್ಚು. ಇದೊಂದು ಕಾರಣ ಸಿಕ್ಕಿತು. ಆದರೆ ಚಿಕ್ಕದು ಅದೇ ನೀರಿನಲ್ಲಿ ಗಟ್ಟಿಯಾಗಿತ್ತಲ್ಲ?

ಮರುದಿನ ನಸುಕಿನಲ್ಲಿ ದೊಡ್ಡದು ಸತ್ತಿತ್ತು. ತಕ್ಷಣ ತೆಗೆದೆ. ಸತ್ತ ಒಂದು ಸಿಂಪಿ ಸಣ್ಣ ತೊಟ್ಟಿಯಲ್ಲಿ ಅರ್ಧ ದಿನ ಕೊಳೆತರೆ ಉಳಿದವೆಲ್ಲದರ ಜೀವಕ್ಕೆ ಸಂಚಕಾರ. ಹುಡುಗ ಅಳುಮೋರೆ ಹಾಕಿಕೊಂಡು ಪಕ್ಕದಲ್ಲಿ ಕೂತ. ಚಿಪ್ಪು ಬಿಡಿಸಿ ಇಬ್ಬರೂ ನೋಡಿದೆವು. ಒಳಗಿನ ಮೈ ಚಿಪ್ಪಿನ ಅರ್ಧವನ್ನೂ ತುಂಬಿರಲಿಲ್ಲ. ಕೆನೆಬಣ್ಣದ ದಪ್ಪ ಮಾಂಸ ಇರಬೇಕಾದಲ್ಲಿ ಆಚೆ ಬದಿ ಕಾಣುವಂಥ ನೀರುನೀರು ಪದರ. ಅದನ್ನು ತೆಗೆದು ಚಿಪ್ಪನ್ನು ಬಿಸಿಲಿಗೆ ಹಿಡಿದೆ. ಕಾಮನಬಿಲ್ಲಿನ ಹೊಳಪಿನ ನಡುವೆ ಅಲ್ಲಲ್ಲಿ ಮಂಕಾದ, ಸುಣ್ಣ ಬಳಿದಂಥ ಕಲೆಗಳು. ಉಗುರಿನಿಂದ ಸವರಿದರೆ ಅಲ್ಲೆಲ್ಲ ಒರಟು.

ಆ ಕಲೆಗಳು ಏನು ಹೇಳುತ್ತವೆ? ಕೆಸರು ಒಣಗುವಾಗ, ನೀರಿನಲ್ಲಿ ಉಸಿರಿಲ್ಲದಾಗ ಸಿಂಪಿ ಬಾಗಿಲು ಬಿಗಿದು ಕೂರುತ್ತದೆ. ಆಮ್ಲಜನಕವಿಲ್ಲದೆಯೇ ಮೈಯೊಳಗೆ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯನ್ನು ಸುಟ್ಟು ಜೀವ ಹಿಡಿಯುತ್ತದೆ. ಹಾಗೆ ಸುಡುವಾಗ ಆಮ್ಲ ಉಳಿಯುತ್ತದೆ. ಹೊರಹಾಕಲು ಬಾಗಿಲು ತೆರೆಯುವಂತಿಲ್ಲ. ಆಗ ತನ್ನ ಚಿಪ್ಪಿನ ಒಳಮೈಯ ಸುಣ್ಣವನ್ನೇ ಕರಗಿಸಿ ಆ ಆಮ್ಲವನ್ನು ತಣಿಸಿಕೊಳ್ಳುತ್ತದೆ. ಹೊಟ್ಟೆಯ ಹುಳಿಗೆ ನಾವು ಮಾತ್ರೆ ನುಂಗುವಂತೆ, ಸಿಂಪಿ ತನ್ನ ಮನೆಯ ಗೋಡೆಯನ್ನು ಕೆರೆದು ಔಷಧ ಮಾಡಿಕೊಳ್ಳುತ್ತದೆ. ದೊಡ್ಡ ಸಿಂಪಿ ನಮ್ಮ ಮನೆಗೆ ಬರುವ ಮೊದಲೇ ಮುನವಳ್ಳಿಯ ಮಡುವಿನಲ್ಲಿ ಬಹಳ ದಿನ ಬಾಗಿಲು ಹಾಕಿ ಕೂತಿರಬೇಕು. ಕೂಡಿಟ್ಟದ್ದೆಲ್ಲ ಅಲ್ಲೇ ಖರ್ಚಾಗಿತ್ತು. ಬಂದ ಮೇಲೆ ಅದಕ್ಕೆ ಬೇಕಾಗಿದ್ದದ್ದು ಊಟ, ನಾನು ಕೊಟ್ಟದ್ದು ಸೋಸಿದ ತಿಳಿನೀರು.

ಸಾಕಿದ ಸಿಂಪಿಗಳ ಅತಿ ದೊಡ್ಡ ಕಾಯಿಲೆ ಹಸಿವು ಎಂದು ನಾನು ನಂಬುತ್ತೇನೆ. ಕೊಲ್ಲುವುದು ನಿಧಾನ, ವಾರಗಟ್ಟಲೆ, ತಿಂಗಳುಗಟ್ಟಲೆ. ಅದಕ್ಕೇ ಯಾರೂ ಅದನ್ನು ಕಾಯಿಲೆ ಎಂದು ಗುರುತಿಸುವುದಿಲ್ಲ. ಸಿಂಪಿ ಬದುಕುವುದು ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಎಲೆಯ ಪುಡಿಯ ಮೇಲೆ. ಗಾಜಿನ ತೊಟ್ಟಿ ಇಟ್ಟವರು ಅದನ್ನೆಲ್ಲ ಫಿಲ್ಟರಿನಲ್ಲಿ ಹಿಡಿದು ಎಸೆಯುತ್ತೇವೆ. ನೀರು ಹರಳಿನಂತೆ ತಿಳಿಯಾಗಿದೆ ಎಂದು ನಾವು ಹಿಗ್ಗುವಾಗ ಮರಳಿನಲ್ಲಿರುವ ಜೀವ ಉಪವಾಸವಿರುತ್ತದೆ. ನೀರು ಶುದ್ಧ ಮಾಡುತ್ತದೆಂದು ಸಿಂಪಿಯನ್ನು ತೊಟ್ಟಿಗೆ ತಂದು ಬಿಡುವವರಿಗೆ ಒಂದು ಮಾತು ಹೇಳಬೇಕು: ಅದು ಶುದ್ಧ ಮಾಡುವುದು ಉಣ್ಣುವುದಕ್ಕಾಗಿ. ಉಣ್ಣಲು ಏನೂ ಇಲ್ಲದ ನೀರನ್ನು ಸೋಸುತ್ತ ಅದು ತನ್ನ ಮೈಯನ್ನೇ ಕರಗಿಸಿಕೊಳ್ಳುತ್ತದೆ.

ಹಾಗೆಂದು ಸೋಂಕೇ ಇಲ್ಲವೆಂದಲ್ಲ. ನಮ್ಮ ಹೊಳೆ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವ ಲ್ಯಾಮೆಲ್ಲಿಡೆನ್ಸ್ ಕುಲದ ಸಿಂಪಿಗಳ ಕಿವಿರುಗಳಲ್ಲಿ ಸಾಸಿವೆಗಿಂತ ಸಣ್ಣ ನೀರುನುಸಿಗಳು ಓಡಾಡುವುದನ್ನು ಕಾಣಬಹುದು. ಬಹುಮಟ್ಟಿಗೆ ಅವು ಕೊಲ್ಲುವುದಿಲ್ಲ. ಚಪ್ಪಟೆ ಹುಳುಗಳ ಮರಿಗಳು ಒಳಹೊಕ್ಕರೆ ಸಿಂಪಿ ಬಂಜೆಯಾಗಬಹುದು. ಎಷ್ಟೋ ಸಹಜ ಮುತ್ತುಗಳ ನಡುವೆ ಇರುವುದೂ ಇಂಥದೇ ಹುಳು. ಸ್ವಾತಿ ಮಳೆಯ ಹನಿ ಸಿಂಪಿಯ ಬಾಯಿಗೆ ಬಿದ್ದು ಮುತ್ತಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಆ ಮಾತಿನ ಚೆಲುವು ನನಗೆ ಇಂದಿಗೂ ಇಷ್ಟ. ಆದರೆ ಮುತ್ತು ಒಂದು ಮಾಯ್ದ ಗಾಯ. ಓಡಿಸಲಾಗದ ಪರಕೀಯನನ್ನು ಪದರ ಪದರವಾಗಿ ಸುತ್ತಿ ಸುಮ್ಮನಾಗಿಸಿದ ಗುರುತು ಅದು. ಸಿಂಪಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ, ಲಸಿಕೆ ನಾಟುವುದಿಲ್ಲ. ಕೆಂಪಲ್ಲದ ಅದರ ರಕ್ತದಲ್ಲಿ ಓಡಾಡುವ ಕಣಗಳು ಬಂದದ್ದನ್ನು ನುಂಗುತ್ತವೆ, ನುಂಗಲಾರದ್ದನ್ನು ಸುತ್ತುಗಟ್ಟುತ್ತವೆ.

ಸಮುದ್ರದ ಸಿಂಪಿಗಳಲ್ಲಿ ಪರ್ಕಿನ್ಸಸ್ ಎಂಬ ಏಕಕೋಶ ಪರೋಪಜೀವಿ ಕುಪ್ರಸಿದ್ಧ. ಅದನ್ನು ಹುಡುಕಲು ಅಮೆರಿಕದ ಸ್ಯಾಮಿ ರೇ 1952ರಲ್ಲಿ ಕಂಡುಹಿಡಿದ ಉಪಾಯ ಇಂದಿಗೂ ಬಳಕೆಯಲ್ಲಿದೆ. ಅಂಗಾಂಶದ ತುಣುಕನ್ನು ಥಯೋಗ್ಲೈಕೊಲೇಟ್ ದ್ರವದಲ್ಲಿ ಕೆಲವು ದಿನ ಕತ್ತಲಲ್ಲಿಟ್ಟು, ಮೇಲೆ ಅಯೋಡಿನ್ ಹಾಕಿದರೆ ಪರೋಪಜೀವಿಯ ಉಬ್ಬಿದ ಕೋಶಗಳು ಕಪ್ಪು ನೀಲಿಯಾಗಿ ಎದ್ದು ಕಾಣುತ್ತವೆ. ಭಾರತದ ಮುತ್ತಿನ ಸಿಂಪಿಯಲ್ಲೂ ಈ ಕುಲದ ಪರ್ಕಿನ್ಸಸ್ ಓಲ್ಸೆನಿ ಇರುವುದು 2010ರಲ್ಲಿ ವರದಿಯಾಯಿತು. ಉಪ್ಪುನೀರಿನ ತೊಟ್ಟಿಗಳಲ್ಲಿ ಸಾಕುವ ಬಣ್ಣದ ದೈತ್ಯ ಸಿಂಪಿ ಟ್ರೈಡಾಕ್ನಾಕ್ಕೂ ಇದು ಅಂಟುತ್ತದೆ. ಆ ಟ್ರೈಡಾಕ್ನಾ ತನ್ನ ಮ್ಯಾಂಟಲ್ಲಿನಲ್ಲಿ ಪಾಚಿಗಳನ್ನು ಸಾಕಿಕೊಂಡು ಬೆಳಕನ್ನು ಉಣ್ಣುವ ಜೀವ. ಹರಡಿಕೊಂಡಿರಬೇಕಾದ ಅದರ ಅಂಚು ಚಿವುಟಿದಂತೆ ಮುದುಡಿದರೆ ರೋಗದ ಮುನ್ಸೂಚನೆ. ನಮ್ಮಲ್ಲಿ ಟ್ರೈಡಾಕ್ನಾ ಮ್ಯಾಕ್ಸಿಮಾ, ಟ್ರೈಡಾಕ್ನಾ ಸ್ಕ್ವಾಮೋಸಾ ಎರಡನ್ನೂ 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ನಮ್ಮ ಕಡಲಿನಿಂದ ಅವನ್ನು ಕಿತ್ತು ತಂದು ಸಾಕುವುದು ಅಪರಾಧ.

ಸಿಹಿನೀರಿನಲ್ಲಿ ಇತ್ತೀಚೆಗೆ ನನ್ನನ್ನು ಕಾಡಿದ್ದು ಕ್ಲಿಂಚ್ ಹೊಳೆಯ ಕಥೆ. ಅಮೆರಿಕದ ವರ್ಜೀನಿಯಾ, ಟೆನೆಸಿ ರಾಜ್ಯಗಳಲ್ಲಿ ಹರಿಯುವ ಈ ಹೊಳೆಯಲ್ಲಿ 2016ರಿಂದ ಶರತ್ಕಾಲ ಬಂದರೆ ಒಂದು ಜಾತಿಯ ಸಿಂಪಿ ರಾಶಿ ರಾಶಿ ಸಾಯತೊಡಗಿತು. ಪಕ್ಕದಲ್ಲೇ ಇದ್ದ ಬೇರೆ ಜಾತಿಗಳಿಗೆ ಅಷ್ಟು ತೊಂದರೆಯಿಲ್ಲ. ನೀರಿನ ವಿಷವಾಗಿದ್ದರೆ ಎಲ್ಲವೂ ಸಾಯಬೇಕಿತ್ತಲ್ಲ? ಸಂಶೋಧಕರು ಸಾಯುತ್ತಿದ್ದವುಗಳ ಮತ್ತು ಗಟ್ಟಿಯಾಗಿದ್ದವುಗಳ ರಕ್ತವನ್ನು ಹೋಲಿಸಿ ನೋಡಿದರು. ರೋಗಿಗಳಲ್ಲಿ ಹೆಚ್ಚಾಗಿ ಕಂಡದ್ದು ಡೆನ್ಸೋವೈರಸ್ ಗುಂಪಿನ ಒಂದು ಹೊಸ ವೈರಾಣು. 2020ರಲ್ಲಿ ಅದು ಪ್ರಕಟವಾಯಿತು. ಸಿಂಪಿಯನ್ನು ಕೊಲ್ಲದೆ, ಮುಂದಿನ ಮುಚ್ಚುವ ಸ್ನಾಯುವಿನಿಂದ ಸಣ್ಣ ಸೂಜಿಯಲ್ಲಿ ರಕ್ತ ತೆಗೆಯುವ ವಿಧಾನ ಈಗ ಬಳಕೆಯಲ್ಲಿದೆ. ಬಾಗಿಲು ಹಿಡಿಯುವ ಆ ಸ್ನಾಯುವೇ ಒಳಗಿನ ಸುದ್ದಿಯನ್ನೂ ಕೊಡುತ್ತದೆ.

ನಮ್ಮಲ್ಲಿ ಸೋಂಕಿನ ಗುಮಾನಿ ಬಂದರೆ ಪ್ರಯೋಗಾಲಯವೇ ಗತಿ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಂಥ ಸಂಸ್ಥೆಗಳವರಿಗೆ ಮೊದಲು ಫೋನು ಮಾಡಿ ಕೇಳಿ. ಕಳಿಸುವುದಾದರೆ ಕಾಯಿಲೆಯಾದ, ಇನ್ನೂ ಜೀವವಿರುವ ಸಿಂಪಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತಂಪಾಗಿಟ್ಟು ಕಳಿಸಬೇಕು. ಫ್ರೀಜರಿಗೆ ಮಾತ್ರ ಹಾಕಬೇಡಿ. ಹೆಪ್ಪುಗಟ್ಟಿದರೆ ಒಳಗಿನ ಕೋಶಗಳು ಒಡೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಏನೂ ಉಳಿಯುವುದಿಲ್ಲ.

ಉಳಿದ ಚಿಕ್ಕದಕ್ಕೆ ನಾವು ಮಾಡಿದ ಚಿಕಿತ್ಸೆಯಲ್ಲಿ ಔಷಧವೆಂಬುದು ಒಂದು ಹನಿಯೂ ಇರಲಿಲ್ಲ. ಅಡುಗೆಮನೆಯ ಮೂಲೆಯ ಮಣ್ಣಿನ ಬಾನಿಗೆ ತೊಳೆದ ಹೊಳೆಮರಳು ನಾಲ್ಕು ಬೆರಳು ಹಾಸಿ, ನೀರು ತುಂಬಿ, ಗಾಳಿಯ ಕೊಳವೆ ಬಿಟ್ಟೆವು. ಹೊರಗೆ ಒದ್ದೆ ಬಟ್ಟೆ ಸುತ್ತಿದೆವು. ಬಾನಿ ಬೆವೆತು ನೀರು 27 ಡಿಗ್ರಿಗೆ ಇಳಿಯಿತು. ಮಾಳಿಗೆಯ ಮೇಲೆ ಒಂದು ಬಕೆಟ್ಟಿನಲ್ಲಿ ಮೀನು ತೊಟ್ಟಿಯ ಹಳೆಯ ನೀರು ತುಂಬಿ ಬಿಸಿಲಿಗಿಟ್ಟೆವು. ವಾರಕ್ಕೆ ಅದು ಹೆಸರುಕಾಳಿನ ಬಣ್ಣಕ್ಕೆ ತಿರುಗಿತು. ಅದೇ ಊಟ. ದಿನಕ್ಕೆರಡು ಬಾರಿ ಒಂದೊಂದು ಲೋಟ. ಹೆಚ್ಚು ಹಾಕಿದರೆ ಕೊಳೆತು ಅಮೋನಿಯಾ ಆದೀತೆಂದು ಮೂರು ದಿನಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರು ಬದಲಿಸುತ್ತಿದ್ದೆವು.

ಉಣ್ಣುತ್ತಿದೆಯೋ ಇಲ್ಲವೋ ತಿಳಿಯಲು ಹುಡುಗನಿಗೆ ಒಂದು ಪರೀಕ್ಷೆ ಹೇಳಿಕೊಟ್ಟೆ. ಎರಡು ಗಾಜಿನ ಬರಣಿಯಲ್ಲಿ ಒಂದೇ ಅಳತೆಯ ಹಸಿರು ನೀರು. ಒಂದರಲ್ಲಿ ಸಿಂಪಿ, ಇನ್ನೊಂದು ಖಾಲಿ. ಹಿಂದೆ ಅಚ್ಚಾದ ಕಾಗದ ಇಟ್ಟು, ಅಕ್ಷರ ಯಾವುದರಲ್ಲಿ ಮೊದಲು ಕಾಣುತ್ತದೆ ಎಂದು ನೋಡುವುದು. ಮೊದಲ ದಿನ ಸಂಜೆಯವರೆಗೂ ಎರಡೂ ಒಂದೇ ಬಣ್ಣ. ಐದನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸಿಂಪಿಯ ಬರಣಿಯಲ್ಲಿ ದಪ್ಪ ಅಕ್ಷರ ಓದಲು ಬಂತು. ತಳದಲ್ಲಿ ಹಸಿರು ದಾರದ ಚೂರುಗಳಂಥ ಹಿಕ್ಕೆ. ಹೊಟ್ಟೆ ಕೆಲಸ ಮಾಡುತ್ತಿತ್ತು. ಹುಡುಗ ಅದನ್ನು ಅವರವ್ವನಿಗೆ ಫೋನಿನಲ್ಲಿ ಹೇಳಿದ, ಕೇಳಿದ ಎಲ್ಲರಿಗೂ ಹೇಳಿದ.

ಬಾನಿಗೆ ಬಿಟ್ಟ ಹತ್ತೊಂಬತ್ತನೆಯ ದಿನ ಸಿಂಪಿ ಇಟ್ಟಲ್ಲಿ ಇರಲಿಲ್ಲ. ಮರಳಿನ ಮೇಲೆ ನೇಗಿಲು ಎಳೆದಂತೆ ಗೇಣುದ್ದದ ಗೆರೆ, ಅದರ ಕೊನೆಗೆ ಮರಳಿನಿಂದ ತುಸುವೇ ಮೇಲೆದ್ದ ಎರಡು ಕಿಂಡಿ. ಕಡ್ಡಿಯ ನೆರಳು ಬಿದ್ದದ್ದಕ್ಕೇ ಅವು ಮುಚ್ಚಿಕೊಂಡವು.

“ಕಾಕಾ, ಇನ್ನ ಹೊಳಿಗೆ ಬಿಡೂಣ?” ಎಂದು ಹುಡುಗ ಕೇಳಿದ.

ಇದಕ್ಕೆ ಉತ್ತರಿಸುವುದು ನನಗೆ ಸುಲಭವಾಗಲಿಲ್ಲ. ಸಿಂಪಿಯ ಮರಿಗಳು ಬೆಳೆಯುವುದು ಮೀನಿನ ಕಿವಿರಿಗೆ ಅಂಟಿಕೊಂಡು. ಒಂಟಿಯಾಗಿ ಬಾನಿಯಲ್ಲಿದ್ದರೆ ಈ ಸಿಂಪಿಗೆ ಸಂತಾನವಿಲ್ಲ. ಹೊಳೆಗೆ ಮರಳಿದರೆ ಇದ್ದೀತು. ಆದರೆ ಇದು ನಾನು ಅಂಗಡಿಯಿಂದ ತಂದ ಮೀನುಗಳ ನೀರಿನಲ್ಲಿ ಒಂಬತ್ತು ದಿನ ಇತ್ತು. ಎಲ್ಲಿಂದಲೋ ಬಂದ ಆ ಮೀನುಗಳ ಜತೆ ಯಾವ ಸೋಂಕು ಬಂದಿದೆಯೋ, ಅದು ಇದರ ಮೈ ಹೊಕ್ಕಿದೆಯೋ ಎಂದು ಹೇಳಬಲ್ಲ ಪರೀಕ್ಷೆ ನನ್ನ ಮನೆಯಲ್ಲಿಲ್ಲ. ಕ್ಲಿಂಚ್ ಹೊಳೆಯಲ್ಲಿ ಆದದ್ದನ್ನು ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಇಲ್ಲೇ ಇರಲಿ ಬಿಡು” ಎಂದ. ಮುಂದಿನ ಬೇಸಿಗೆಗೆ ಕೆಸರಲ್ಲಿ ಸಿಕ್ಕಿಬಿದ್ದವು ಕಂಡರೆ ಮನೆಗೆ ತರುವುದಿಲ್ಲ, ಅದೇ ಹೊಳೆಯ ಆಳದ ಮಡುವಿಗೆ ದಾಟಿಸುತ್ತೇನೆ ಎಂದೂ ಹೇಳಿದ.

ಆ ಸಂಜೆ ಬಾನಿಯ ನೀರು ಬದಲಿಸುವ ದಿನವಾಗಿತ್ತು. ತೆಗೆದ ನೀರನ್ನು ಅವನು ಗಟಾರಕ್ಕೆ ಚೆಲ್ಲಲಿಲ್ಲ. ಗಟಾರ ಹಳ್ಳಕ್ಕೆ ಹೋಗುತ್ತದೆ, ಹಳ್ಳ ಹೊಳೆಗೆ. ಬಕೆಟ್ಟು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ನಿಂಬೆಗಿಡದ ಬುಡದ ಒಣಮಣ್ಣಿಗೆ ಹೊಯ್ದ.